ಕೆಲಸ ಹೋದ ಮೇಲೆ ಇಎಸ್‌ಐ ಭತ್ಯೆ, ಪಿಎಫ್ ಹಣ ತಡವಾಗುತ್ತಿದೆಯೇ? ದಾಖಲೆ ತಿದ್ದುವುದರಿಂದ ಮೇಲ್ಮನವಿಯವರೆಗೆ ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರಗಳ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್ ಘಟಕಗಳಲ್ಲಿ ಕೆಲಸ ಕಳೆದುಕೊಂಡವರು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ಮೊದಲು ಅರ್ಜಿ ಹಾಕುತ್ತಾರೆ, ತಿರಸ್ಕೃತವಾದ ಮೇಲೆ ಸಹಾಯವಾಣಿಗೆ ಕರೆ ಮಾಡುತ್ತಾರೆ, ತಿಂಗಳುಗಳು ಕಳೆದ ಮೇಲೆ ತಮ್ಮ ದಾಖಲೆಯಲ್ಲೇ ತಪ್ಪಿತ್ತು ಎಂದು ತಿಳಿಯುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು: ಮೊದಲು ದಾಖಲೆ, ಆಮೇಲೆ ಅರ್ಜಿ, ನಂತರ ಲಿಖಿತ ದೂರು. ಫೋನ್ ಕರೆ ಇವುಗಳ ನಡುವೆ ಬಂದುಹೋಗುವ ಸಣ್ಣ ಕೆಲಸ.

ಹಂತ 1: ಯಾವ ಹಣ, ಯಾವ ಕಚೇರಿ ಎಂದು ಬೇರ್ಪಡಿಸಿ

ಕೆಲಸ ಹೋದವರಿಗೆ ಸಿಗಬಹುದಾದ ಹಣ ಎರಡು ಬಗೆಯದು. ಮೊದಲನೆಯದು ನೌಕರರ ರಾಜ್ಯ ವಿಮಾ (ಇಎಸ್‌ಐ) ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ನಿರುದ್ಯೋಗ ಪರಿಹಾರ. ಎರಡನೆಯದು ನಿಮ್ಮದೇ ಉಳಿತಾಯವಾದ ಭವಿಷ್ಯ ನಿಧಿ, ಅಂದರೆ ಪಿಎಫ್. ಎರಡಕ್ಕೂ ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ಕಚೇರಿ. ಇಎಸ್‌ಐಗೆ ಹತ್ತು ಅಂಕಿಯ ವಿಮಾ ಸಂಖ್ಯೆ, ಪಿಎಫ್‌ಗೆ ಹನ್ನೆರಡು ಅಂಕಿಯ ಸಾರ್ವತ್ರಿಕ ಖಾತೆ ಸಂಖ್ಯೆ (ಯುಎಎನ್).

ಇಎಸ್‌ಐ ವಿಷಯದಲ್ಲಿ ಜನ ನೇರವಾಗಿ ಡಿಸ್ಪೆನ್ಸರಿಗೆ ಹೋಗಿ ಕೇಳುವುದುಂಟು. ಅಲ್ಲಿ ಕೇಳಿ ಪ್ರಯೋಜನವಿಲ್ಲ. ಔಷಧಿ ಕೊಡುವ ಡಿಸ್ಪೆನ್ಸರಿಗಳನ್ನು ನಮ್ಮಲ್ಲಿ ರಾಜ್ಯ ಸರ್ಕಾರದ ಇಲಾಖೆ ನಡೆಸುತ್ತದೆ, ನಗದು ಪರಿಹಾರ ಕೊಡುವುದು ಕೇಂದ್ರದ ನಿಗಮದ ಶಾಖಾ ಕಚೇರಿ. ಶಾಖೆಯ ಮೇಲೆ ಬೆಂಗಳೂರಿನ ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿ, ಪೀಣ್ಯ, ಬೊಮ್ಮಸಂದ್ರ, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಉಪ ಪ್ರಾದೇಶಿಕ ಕಚೇರಿಗಳಿವೆ. ನಿಮ್ಮ ಶಾಖೆ ಯಾವುದೆಂದು ವಿಮಾ ಕಾರ್ಡ್‌ನ ಮುದ್ರಿತ ಪ್ರತಿಯಲ್ಲೇ ಬರೆದಿರುತ್ತದೆ.

ಪಿಎಫ್‌ನಲ್ಲಿ ಕಚೇರಿಯ ಗುರುತು ಸದಸ್ಯ ಸಂಖ್ಯೆಯ ಮೊದಲ ಐದು ಅಕ್ಷರಗಳಲ್ಲಿದೆ. ಬಿಜಿಬಿಎನ್‌ಜಿ ಎಂದಿದ್ದರೆ ಬೆಂಗಳೂರು, ಪಿವೈಬಿಒಎಂ ಎಂದಿದ್ದರೆ ಬೊಮ್ಮಸಂದ್ರ, ಪಿವೈಕೆಆರ್‌ಪಿ ಎಂದಿದ್ದರೆ ಕೆ.ಆರ್. ಪುರ. ಕಂಪನಿ ನಿಮ್ಮ ಊರಿನಲ್ಲೇ ಇದ್ದರೂ ಅದರ ಪಿಎಫ್ ಖಾತೆ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇರಬಹುದು. ಆಗ ರಾಜಾರಾಮ್ ಮೋಹನ್ ರಾಯ್ ರಸ್ತೆಯ ಭವಿಷ್ಯ ನಿಧಿ ಭವನದಲ್ಲಿ ಬೆಳಗಿನಿಂದ ಸಾಲು ನಿಂತರೂ ಕಡತ ಅಲ್ಲಿರುವುದಿಲ್ಲ.

ಹಂತ 2: ಕಾರ್ಖಾನೆಯ ಗೇಟು ದಾಟುವ ಮುನ್ನ ಸಂಗ್ರಹಿಸಬೇಕಾದವು

ಕೊನೆಯ ಎರಡು ವರ್ಷಗಳ ವೇತನ ಚೀಟಿಗಳು, ನೇಮಕಾತಿ ಪತ್ರ, ಕೆಲಸದಿಂದ ತೆಗೆದ ಪತ್ರ. ಚೀಟಿಗಳು ಕಂಪನಿಯ ಆ್ಯಪ್‌ನಲ್ಲಿದ್ದರೆ ಲಾಗಿನ್ ಬಂದ್ ಆಗುವ ಮೊದಲೇ ಇಳಿಸಿಕೊಳ್ಳಿ. ಕೆಲಸ ಹೋದ ಸಂಜೆಯೇ ಲಾಗಿನ್ ಕಿತ್ತುಹಾಕುವ ಸಂಸ್ಥೆಗಳು ಬೇಕಾದಷ್ಟಿವೆ.

ತೆಗೆದ ಪತ್ರದ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. "ರಾಜೀನಾಮೆ ಬರೆದುಕೊಡಿ, ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ" ಎಂದು ಮಾನವ ಸಂಪನ್ಮೂಲ ವಿಭಾಗದವರು ಒತ್ತಾಯಿಸುವುದು ಮಾಮೂಲು. ಅಟಲ್ ಯೋಜನೆ ದುರ್ನಡತೆಗಾಗಿ ವಜಾ ಆದವರಿಗೆ, ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಅನ್ವಯಿಸುವುದಿಲ್ಲ. ಉತ್ಪಾದನೆ ಕಡಿಮೆಯಾಗಿ ಹೊರಹಾಕಿದವರನ್ನು ಕಾಗದದಲ್ಲಿ ತಾವಾಗಿಯೇ ಹೋದವರನ್ನಾಗಿಸಿದರೆ ಶಾಖಾ ಕಚೇರಿಯಲ್ಲಿ ಪ್ರಶ್ನೆ ಏಳುತ್ತದೆ, ಉತ್ತರಿಸಬೇಕಾದವರು ನೀವು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಪತ್ರ ಕೊಡದಿದ್ದರೆ "ಇಂತಹ ದಿನದಿಂದ ಕೆಲಸಕ್ಕೆ ಬರಬೇಡವೆಂದು ಮೌಖಿಕವಾಗಿ ತಿಳಿಸಿದ್ದೀರಿ" ಎಂದು ನೀವೇ ಇಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ಬರೆದು ಪ್ರತಿ ಇಟ್ಟುಕೊಳ್ಳಿ.

ಹಂತ 3: ಅರ್ಜಿಗೆ ಮುಂಚೆ ದಾಖಲೆ ತಪಾಸಣೆ

ತಿರಸ್ಕಾರಗಳ ಬೇರು ಹೆಚ್ಚಾಗಿ ಇರುವುದು ಇಲ್ಲೇ. ಅರ್ಧ ದಿನ ಕೊಟ್ಟು ಕುಳಿತು ನೋಡಿ.

ಇಎಸ್‌ಐ ಪೋರ್ಟಲ್‌ನಲ್ಲಿ ವಿಮಾದಾರರ ವಿಭಾಗಕ್ಕೆ ಪ್ರವೇಶಿಸಿ ವಂತಿಗೆಯ ವಿವರ ತೆರೆಯಿರಿ. ಮಾಲೀಕರು ಪ್ರತಿ ತಿಂಗಳು ಎಷ್ಟು ದಿನದ ವೇತನ ತೋರಿಸಿದ್ದಾರೆ ಎಂಬುದು ಅಲ್ಲಿರುತ್ತದೆ. ಕೊನೆಯ ತಿಂಗಳು ಸೊನ್ನೆ ದಿನ ತೋರಿಸಿದ್ದರೆ ಅದಕ್ಕೊಂದು ಕಾರಣವನ್ನೂ ಅವರು ಆಯ್ಕೆ ಮಾಡಿರುತ್ತಾರೆ: ರಜೆಯಲ್ಲಿದ್ದಾರೆ, ಕೆಲಸ ಬಿಟ್ಟಿದ್ದಾರೆ, ಸಿಬ್ಬಂದಿ ಕಡಿತ ಅಂದರೆ ರಿಟ್ರೆಂಚ್‌ಮೆಂಟ್, ಕೆಲಸವಿಲ್ಲ, ವ್ಯಾಪ್ತಿಯಿಂದ ಹೊರಗೆ, ಹೀಗೆ. ಗುಮಾಸ್ತರು ಪಟ್ಟಿಯಲ್ಲಿ ಮೊದಲು ಕಂಡ "ರಜೆಯಲ್ಲಿದ್ದಾರೆ" ಎಂಬುದನ್ನು ಒತ್ತಿ ಮುಗಿಸಿದ್ದರೆ ನಿಗಮದ ಕಣ್ಣಿನಲ್ಲಿ ನೀವು ಇನ್ನೂ ಕೆಲಸದಲ್ಲಿದ್ದೀರಿ. ಇದನ್ನು ಸರಿಪಡಿಸಬೇಕಾದವರು ಮಾಲೀಕರು. ಲಿಖಿತವಾಗಿ ಕೇಳಿ, ಅದೇ ಪತ್ರದ ಪ್ರತಿಯನ್ನು ಶಾಖಾ ವ್ಯವಸ್ಥಾಪಕರಿಗೂ ಕೊಡಿ.

ಇನ್ನು ದಿನಗಳ ಲೆಕ್ಕ. ಇಎಸ್‌ಐನಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿಗಳು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ವಿಮಾ ವ್ಯಾಪ್ತಿಯ ಉದ್ಯೋಗದಲ್ಲಿರಬೇಕು. ಕೆಲಸ ಹೋದ ಅವಧಿಗೆ ತಕ್ಷಣ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಇರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ ಇನ್ನೊಂದು 78 ಇರಬೇಕು. ಗುತ್ತಿಗೆದಾರರು ಬದಲಾದಾಗ ಹೊಸ ವಿಮಾ ಸಂಖ್ಯೆ ಮಾಡಿಸಿಬಿಟ್ಟಿದ್ದರೆ ಈ ಲೆಕ್ಕ ಎರಡು ಸಂಖ್ಯೆಗಳ ನಡುವೆ ಹರಿದುಹೋಗಿರುತ್ತದೆ. ಅರ್ಜಿಗೆ ಮೊದಲು ಶಾಖೆಯಲ್ಲಿ ಎರಡನ್ನೂ ಒಗ್ಗೂಡಿಸಲು ಬರೆದುಕೊಡಿ.

ಪಿಎಫ್ ಪೋರ್ಟಲ್‌ನಲ್ಲಿ ನೋಡಬೇಕಾದದ್ದು ನಾಲ್ಕು: ಹೆಸರು ಮತ್ತು ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತವೆಯೇ, ಪ್ಯಾನ್ ಜೋಡಣೆಯಾಗಿದೆಯೇ, ಬ್ಯಾಂಕ್ ಖಾತೆಯ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ಚಾಲ್ತಿಯಲ್ಲಿದೆಯೇ, ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ.

ಹೆಸರಿನ ಗೋಳು ನಮ್ಮವರಿಗೆ ತುಸು ಹೆಚ್ಚೇ. ಒಂದು ಕಡೆ ಇನಿಷಿಯಲ್ ಹಿಂದೆ, ಇನ್ನೊಂದು ಕಡೆ ಮುಂದೆ, ಮತ್ತೊಂದು ಕಡೆ ತಂದೆಯ ಪೂರ್ಣ ಹೆಸರು ಅಥವಾ ಊರಿನ ಹೆಸರು. 2017ರ ಅಕ್ಟೋಬರ್ 1ರ ನಂತರ ಪಡೆದ, ಆಧಾರ್ ದೃಢೀಕೃತ ಯುಎಎನ್ ನಿಮ್ಮದಾದರೆ 2025ರ ಜನವರಿಯಿಂದ ಇಂತಹ ತಿದ್ದುಪಡಿಗಳನ್ನು ಮಾಲೀಕರ ಒಪ್ಪಿಗೆಯಿಲ್ಲದೆ ನೀವೇ ಪೋರ್ಟಲ್‌ನಲ್ಲಿ ಮಾಡಬಹುದು. ಹಳೆಯ ಯುಎಎನ್ ಆದರೆ ತಿದ್ದುಪಡಿ ಕೋರುವ ಜಂಟಿ ಘೋಷಣೆ ಮಾಲೀಕರ ಮೂಲಕವೇ ಹೋಗಬೇಕು.

ಐಎಫ್‌ಎಸ್‌ಸಿ ವಿಷಯ ಕರ್ನಾಟಕಕ್ಕೇ ವಿಶೇಷವಾಗಿ ತಟ್ಟಿದೆ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಖಾತೆ ಸಂಖ್ಯೆ ಸರಿಯಿದ್ದು ಸಂಕೇತ ಮಾತ್ರ ಹಳೆಯದಾಗಿದ್ದರೂ ಹಣ ಮರಳಿಹೋಗುತ್ತದೆ. ಪಾಸ್‌ಬುಕ್‌ನಲ್ಲಿ ಹಳೆಯ ಮುದ್ರೆ ನೋಡಿ ತುಂಬಬೇಡಿ, ಬ್ಯಾಂಕ್ ಶಾಖೆಯಲ್ಲಿ ಇಂದಿನ ಸಂಕೇತ ಕೇಳಿ ತುಂಬಿ.

ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ದಾಖಲಿಸದಿದ್ದರೆ ಕೊನೆಯ ವಂತಿಗೆಯ ನಂತರ ಎರಡು ತಿಂಗಳು ಕಳೆದ ಮೇಲೆ "ಮಾರ್ಕ್ ಎಕ್ಸಿಟ್" ಆಯ್ಕೆಯಲ್ಲಿ ನೀವೇ ದಾಖಲಿಸಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ದಿನಾಂಕ ಕೊನೆಯ ವಂತಿಗೆ ಬಂದ ತಿಂಗಳಿನೊಳಗೇ ಇರಬೇಕು. ಅವಸರದಲ್ಲಿ ತಪ್ಪು ದಿನಾಂಕ ಒತ್ತಿದರೆ ಮತ್ತೆ ತಿದ್ದಿಸುವುದು ಹೊಸ ತಲೆನೋವು, ಹಾಗಾಗಿ ಪಕ್ಕದಲ್ಲಿ ಪಿಎಫ್ ಪಾಸ್‌ಬುಕ್ ತೆರೆದಿಟ್ಟುಕೊಂಡು ಒತ್ತಿ.

ಹಂತ 4: ಇಎಸ್‌ಐ ನಿರುದ್ಯೋಗ ಪರಿಹಾರದ ಅರ್ಜಿ

ಈ ಯೋಜನೆ 2018ರ ಜುಲೈ 1ರಂದು ಆರಂಭವಾಯಿತು, ಆಗಾಗ ಅವಧಿ ವಿಸ್ತರಿಸಿಕೊಂಡು ನಡೆದಿದೆ. ಆದ್ದರಿಂದ ನಿಮ್ಮ ಕೆಲಸ ಹೋದ ದಿನ ಚಾಲ್ತಿಯ ಅವಧಿಯೊಳಗೆ ಬರುತ್ತದೆಯೇ ಎಂದು ನಿಗಮದ ಜಾಲತಾಣದಲ್ಲಿ ಮೊದಲು ನೋಡಿ. ಪರಿಹಾರ ಸರಾಸರಿ ದಿನಗೂಲಿಯ ಶೇ 50, ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಮ್ಮೆ.

ಎಷ್ಟು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ ಇಟ್ಟುಕೊಳ್ಳಿ, ಕಡಿಮೆ ಬಂದರೆ ಪ್ರಶ್ನಿಸಲು ಬೇಕಾಗುತ್ತದೆ. ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ವೇತನವನ್ನು 730ರಿಂದ ಭಾಗಿಸಿದರೆ ಸರಾಸರಿ ದಿನಗೂಲಿ. ತಿಂಗಳಿಗೆ 15,000 ರೂಪಾಯಿ ಇದ್ದವರಿಗೆ ಎರಡು ವರ್ಷದ ಮೊತ್ತ 3,60,000. ದಿನಕ್ಕೆ ಸುಮಾರು 493, ಅದರ ಅರ್ಧ 246 ಚಿಲ್ಲರೆ. 90 ದಿನಕ್ಕೆ ಸುಮಾರು 22,190 ರೂಪಾಯಿ. ನಡುವೆ ವಂತಿಗೆ ಬಾರದ ತಿಂಗಳುಗಳಿದ್ದರೂ ಭಾಜಕ 730 ಆಗಿಯೇ ಉಳಿಯುವುದರಿಂದ ಮೊತ್ತ ಇಳಿಯುತ್ತದೆ.

ಅರ್ಜಿಯನ್ನು ಕೆಲಸ ಹೋಗಿ 30 ದಿನ ತುಂಬಿದ ಮೇಲೆ ಹಾಕಬೇಕು. ಮುಂದಿನ ತಿಂಗಳಿಗೂ ಸೇರಿಸಿ ಮುಂಗಡವಾಗಿ ಕೇಳಿದರೆ ಹಿಂದಕ್ಕೆ ಬರುತ್ತದೆ. ಪೋರ್ಟಲ್‌ನಲ್ಲಿ ಅರ್ಜಿ ತುಂಬಿ ಆಧಾರ್ ಮತ್ತು ಬ್ಯಾಂಕ್ ವಿವರದ ಸ್ಪಷ್ಟ ಪ್ರತಿಗಳನ್ನು ಏರಿಸಿ. ಏರಿಸಲು ಆಗದಿದ್ದರೆ ಅರ್ಜಿಯನ್ನು ಮುದ್ರಿಸಿ ಸಹಿ ಹಾಕಿ, ಪ್ರತಿಗಳೊಂದಿಗೆ ಶಾಖಾ ಕಚೇರಿಗೆ ಕೊಡಿ ಅಥವಾ ಅಂಚೆಯಲ್ಲಿ ಕಳಿಸಿ. ಕೈಯಾರೆ ಕೊಟ್ಟರೆ ಸ್ವೀಕೃತಿ ಮುದ್ರೆ ಇಲ್ಲದೆ ಹೊರಬರಬೇಡಿ.

ಹಳೆಯ ಎರಡು ನಿಯಮಗಳು ಇನ್ನೂ ಜನರ ಬಾಯಲ್ಲಿವೆ. ಅರ್ಜಿ ಮಾಲೀಕರ ಮೂಲಕ ಬರಬೇಕು ಎಂಬುದು ಒಂದು, ಛಾಪಾ ಕಾಗದದ ಪ್ರಮಾಣಪತ್ರ ಬೇಕು ಎಂಬುದು ಇನ್ನೊಂದು. 2020ರಲ್ಲೇ ಇವೆರಡನ್ನೂ ಕೈಬಿಡಲಾಗಿದೆ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ ಜಗಳ ಬೇಡ, "ಯಾವ ಸುತ್ತೋಲೆಯ ಪ್ರಕಾರ ಬೇಕು ಎಂದು ಬರೆದುಕೊಡಿ" ಎನ್ನಿ. ಅಲ್ಲಿಗೆ ಮಾತು ಸಾಮಾನ್ಯವಾಗಿ ಮುಗಿಯುತ್ತದೆ.

90 ದಿನದೊಳಗೆ ಬೇರೆ ಕೆಲಸ ಸಿಕ್ಕರೆ ಸೇರಿಕೊಳ್ಳಿ, ಆದರೆ ಆ ದಿನದವರೆಗಿನ ಪರಿಹಾರ ಮಾತ್ರ ನಿಮ್ಮದು. ಹೊಸ ಮಾಲೀಕರ ವಂತಿಗೆ ಅದೇ ವಿಮಾ ಸಂಖ್ಯೆಗೆ ಬೀಳುವುದರಿಂದ ಮುಚ್ಚಿಡುವ ಪ್ರಯತ್ನ ಫಲಿಸುವುದಿಲ್ಲ.

ಹಂತ 5: ಪಿಎಫ್ ಅರ್ಜಿ

ಪೂರ್ತಿ ಹಣಕ್ಕೆ ನಮೂನೆ 19, ಪಿಂಚಣಿ ಭಾಗಕ್ಕೆ 10ಸಿ, ಭಾಗಶಃ ಹಣಕ್ಕೆ 31. ಸೇವೆ ಹತ್ತು ವರ್ಷ ತುಂಬಿದ್ದರೆ ಪಿಂಚಣಿ ಭಾಗವನ್ನು ನಗದಾಗಿ ಪಡೆಯಲು ಬರುವುದಿಲ್ಲ. 19 ಹಾಕಿ 10ಸಿ ಮರೆಯುವವರು ಬಹಳ. "ಹಣ ಅರ್ಧ ಮಾತ್ರ ಬಂತು" ಎಂಬ ದೂರಿನ ಹಿಂದೆ ಹಲವು ಸಲ ಇದೇ ಮರೆವು ಇರುತ್ತದೆ.

ಯಾವಾಗ ಎಷ್ಟು ತೆಗೆಯಬಹುದು ಎಂಬುದು ಬದಲಾಗಿದೆ. ಒಂದು ತಿಂಗಳಿಗೆ ಶೇ 75, ಎರಡು ತಿಂಗಳಿಗೆ ಪೂರ್ತಿ ಎಂಬುದು ಹಳೆಯ ಲೆಕ್ಕ. 2025ರ ಅಕ್ಟೋಬರ್‌ನಲ್ಲಿ ಪಿಎಫ್‌ನ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ತೆಗೆದುಕೊಂಡ ತೀರ್ಮಾನದಂತೆ ಕೆಲಸ ಹೋದಾಗ ಶೇ 75 ಕೂಡಲೇ, ಉಳಿದ ಶೇ 25 ಹನ್ನೆರಡು ತಿಂಗಳ ನಂತರ, ಪಿಂಚಣಿ ಭಾಗ 36 ತಿಂಗಳ ನಂತರ. ಅರ್ಜಿ ಹಾಕುವ ದಿನ ಪೋರ್ಟಲ್ ನಿಮಗೆ ಯಾವ ಆಯ್ಕೆ ತೆರೆದಿದೆಯೋ ಅದನ್ನೇ ಹಿಡಿಯಿರಿ. ನೆರೆಮನೆಯವರು ಎರಡು ವರ್ಷದ ಹಿಂದೆ ತೆಗೆದ ರೀತಿ ಇಂದು ನಡೆಯದೇ ಇರಬಹುದು.

ಐದು ವರ್ಷ ತುಂಬದ ಸೇವೆ, 50,000 ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತ ಎಂದಾದರೆ ಶೇ 10 ತೆರಿಗೆ ಕಡಿತವಾಗುತ್ತದೆ. ತೆರಿಗೆ ವ್ಯಾಪ್ತಿಗೆ ಬಾರದವರು 15ಜಿ ನಮೂನೆಯನ್ನು ಅರ್ಜಿಯ ಜೊತೆಗೇ ಏರಿಸಬೇಕು. ಹಣ ಕಡಿತವಾದ ಮೇಲೆ ಪಿಎಫ್ ಕಚೇರಿ ಅದನ್ನು ಮರಳಿಸುವುದಿಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಯೇ ಪಡೆಯಬೇಕು.

ಹಂತ 6: ಕಾಯುವಾಗ ಏನು ಓದಬೇಕು

"ಪರಿಶೀಲನೆಯಲ್ಲಿದೆ" ಎಂದಿದ್ದರೆ ಪಿಎಫ್‌ಗೆ 20 ದಿನ ಕೊಡಿ. 1952ರ ಪಿಎಫ್ ಯೋಜನೆಯ 72ನೇ ಪ್ಯಾರಾದ 7ನೇ ಉಪಪ್ಯಾರಾ ಈ ಗಡುವನ್ನು ಹಾಕಿದೆ. ಸರಿಯಾದ ಕಾರಣವಿಲ್ಲದೆ ಅದನ್ನು ಮೀರಿದರೆ ವರ್ಷಕ್ಕೆ ಶೇ 12ರ ದಂಡ ಬಡ್ಡಿ ವಿಧಿಸಿ ಆಯುಕ್ತರ ಸಂಬಳದಿಂದ ಕಡಿಯಬಹುದು ಎಂದೂ ಅಲ್ಲಿದೆ. ಕಡಿದ ಉದಾಹರಣೆ ಹುಡುಕುತ್ತಾ ಕೂರಬೇಡಿ, ದೂರಿನಲ್ಲಿ ಈ ಪ್ಯಾರಾ ಸಂಖ್ಯೆ ಬರೆದರೆ ಕಡತ ಮೇಲಕ್ಕೆ ಬರುತ್ತದೆ. ಆದರೆ ಗಡುವು ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿಗೆ ಮಾತ್ರ. ಹಂತ 3ಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

"ಇತ್ಯರ್ಥವಾಗಿದೆ" ಎಂದಿದ್ದು ಖಾತೆಗೆ ಹಣ ಬಾರದಿದ್ದರೆ ಅದು ಬ್ಯಾಂಕಿನಿಂದ ಮರಳಿರುತ್ತದೆ. ಹೊಸ ಅರ್ಜಿ ಹಾಕಬೇಡಿ. ಖಾತೆಯ ವಿವರ ಸರಿಪಡಿಸಿ, ಮರುಪಾವತಿಗೆ ಕೋರಿ ದೂರು ಸಲ್ಲಿಸಿ.

"ತಿರಸ್ಕೃತ" ಎಂದಿದ್ದರೆ ಕಾರಣದ ಸಾಲನ್ನು ಹಾಗೆಯೇ ನಕಲು ಮಾಡಿಕೊಳ್ಳಿ. ತಿದ್ದದೆ ಅದೇ ಅರ್ಜಿಯನ್ನು ಮತ್ತೆ ಮತ್ತೆ ಒತ್ತುವುದು ಅತಿ ಸಾಮಾನ್ಯವಾದ ತಪ್ಪು. ಪ್ರತಿ ಬಾರಿಯೂ ದಿನಗಳ ಎಣಿಕೆ ಮೊದಲಿನಿಂದ ಶುರುವಾಗುತ್ತದೆ.

ಹಂತ 7: ಸಹಾಯವಾಣಿಗೆ ಕರೆ

ಪಿಎಫ್‌ಗೆ 14470, ಇಎಸ್‌ಐಗೆ 1800-11-2526. ಕರೆಯ ಆ ತುದಿಯಲ್ಲಿರುವವರು ನಿಮ್ಮ ಅರ್ಜಿಗೆ ಒಪ್ಪಿಗೆ ಕೊಡುವವರಲ್ಲ, ಪರದೆಯ ಮೇಲೆ ಕಾಣುವುದನ್ನು ಓದಿ ಹೇಳುವವರು. ಅವರ ಮೇಲೆ ರೇಗಿ ಫಲವಿಲ್ಲ. ಅವರಿಂದ ಪಡೆಯಬೇಕಾದದ್ದು ಇಷ್ಟೇ: ಅರ್ಜಿ ಯಾವ ಕಚೇರಿಯಲ್ಲಿದೆ, ಯಾವ ಕೊರತೆ ದಾಖಲಾಗಿದೆ, ಈ ಕರೆಯ ದೂರು ಸಂಖ್ಯೆ ಏನು. ಮೂರನೆಯದು ಸಿಗದಿದ್ದರೆ ಆ ಕರೆ ನಡೆದೇ ಇಲ್ಲ ಎಂದು ತಿಳಿಯಿರಿ.

ಯುಎಎನ್ ಅಥವಾ ವಿಮಾ ಸಂಖ್ಯೆ, ಅರ್ಜಿ ಸಂಖ್ಯೆ, ಸಲ್ಲಿಸಿದ ದಿನಾಂಕ ಒಂದೇ ಹಾಳೆಯಲ್ಲಿ ಮುಂದಿರಲಿ. ನೋಂದಾಯಿತ ಮೊಬೈಲ್‌ನಿಂದಲೇ ಕರೆ ಮಾಡಿ. ಕರೆಯ ದಿನ, ಹೊತ್ತು, ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ, ಮುಂದೆ ದೂರಿನಲ್ಲಿ ಅದೇ ನಿಮ್ಮ ಸಾಕ್ಷ್ಯ. ಪಿಎಫ್ ಬಾಕಿ ಎಷ್ಟಿದೆ ಎಂದಷ್ಟೇ ತಿಳಿಯಲು ಸಾಲಿನಲ್ಲಿ ಕಾಯಬೇಕಿಲ್ಲ. ನೋಂದಾಯಿತ ಮೊಬೈಲ್‌ನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಸಂದೇಶ ಬರುತ್ತದೆ.

ಎಚ್ಚರಿಕೆ: ಸಂಖ್ಯೆಯನ್ನು ಹುಡುಕಾಟದ ಫಲಿತಾಂಶಗಳಿಂದ ಎತ್ತಿಕೊಳ್ಳಬೇಡಿ, ಅಲ್ಲಿ ನಕಲಿ ಗ್ರಾಹಕ ಸೇವೆಗಳು ಕಾದು ಕುಳಿತಿವೆ. ಒಟಿಪಿ ಕೇಳಿದರೆ, ಆ್ಯಪ್ ಇಳಿಸಿಕೊಳ್ಳಲು ಹೇಳಿದರೆ, ಹಣ ಬಿಡುಗಡೆಗೆ ಶುಲ್ಕ ಎಂದರೆ ಕರೆ ಕತ್ತರಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಶೇಕಡಾವಾರು ಕೇಳುವ ಏಜೆಂಟರಿಗೆ ಪಾಸ್‌ವರ್ಡ್ ಕೊಡುವುದೂ ಇದೇ ಸಾಲಿಗೆ ಸೇರುತ್ತದೆ.

ಹಂತ 8: ಲಿಖಿತ ದೂರು

ಪಿಎಫ್‌ಗೆ ಇಪಿಎಫ್ ಐಜಿಎಂಎಸ್ ಎಂಬ ಪ್ರತ್ಯೇಕ ದೂರು ತಾಣವಿದೆ. ದೂರನ್ನು ಆರೇಳು ಸಾಲಿಗೆ ಮುಗಿಸಿ: ಅರ್ಜಿ ಸಂಖ್ಯೆ, ದಿನಾಂಕ, ಈಗಿನ ಸ್ಥಿತಿ, ಏನು ತಪ್ಪಾಗಿದೆ, ಏನು ಬೇಕು. ಮನೆಯ ಕಷ್ಟ ಎರಡು ಪುಟ ಬರೆದರೆ ಗುಮಾಸ್ತರಿಗೆ ಬೇಕಾದ ಒಂದು ಸಾಲು ಅದರಲ್ಲಿ ಮುಳುಗಿಹೋಗುತ್ತದೆ. ಒಂದು ದೂರಿಗೆ ಒಂದೇ ವಿಷಯ. ಹೆಸರು ತಿದ್ದುಪಡಿ, 10ಸಿ ತಡ, ಮರಳಿದ ಹಣ ಎಲ್ಲವನ್ನೂ ಒಂದರಲ್ಲಿ ತುಂಬಿದರೆ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಕಡತ ಮುಚ್ಚುತ್ತಾರೆ.

ಮುಖತಃ ಮಾತಾಡಬೇಕೆಂದರೆ ಪಿಎಫ್‌ನವರು ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಶಿಬಿರ ನಡೆಸುತ್ತಾರೆ. ರಜೆಯಿದ್ದರೆ ಮರುದಿನ. ಇಎಸ್‌ಐನಲ್ಲಿ ಇಂತಹದೇ ಸಭೆಯ ಹೆಸರು ಸುವಿಧಾ ಸಮಾಗಮ. ಎರಡಕ್ಕೂ ಕಾಗದಗಳ ಎರಡು ಜೊತೆ ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ.

ಇವು ಕೇಂದ್ರದ ಸಂಸ್ಥೆಗಳು ಎಂಬುದನ್ನು ಮರೆಯಬೇಡಿ. ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕೊಟ್ಟ ದೂರು ಇಲ್ಲಿ ಕೆಲಸ ಮಾಡುವುದಿಲ್ಲ. ಕಚೇರಿ ಮಟ್ಟದಲ್ಲಿ ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ದೂರು ತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದೂರು ಸಲ್ಲಿಸಿ. ಅಲ್ಲಿ ಇತ್ಯರ್ಥದ ಗಡುವು 21 ದಿನ.

ವೇತನ ಚೀಟಿಯಲ್ಲಿ ಕಡಿತವಾಗಿದ್ದು ಪಿಎಫ್ ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ವಿಷಯವೇ ಬೇರೆ. ಅದು ಅರ್ಜಿಯ ತಡವಲ್ಲ, ಮಾಲೀಕರು ಹಣ ಕಟ್ಟದಿರುವುದು. ಚೀಟಿಗಳ ಪ್ರತಿಗಳೊಂದಿಗೆ ಪಿಎಫ್ ಮತ್ತು ಇಎಸ್‌ಐ ಎರಡೂ ಕಚೇರಿಗಳಿಗೆ ಮಾಲೀಕರ ವಿರುದ್ಧ ದೂರು ಕೊಡಿ. ಸಾಧ್ಯವಾದರೆ ಸಹೋದ್ಯೋಗಿಗಳು ಒಟ್ಟಾಗಿ ಕೊಡಿ. ಒಬ್ಬರ ದೂರಿಗೆ ಲೆಕ್ಕದ ತಪ್ಪು ಎಂಬ ಉತ್ತರ ಸಿಗುತ್ತದೆ, ನಲವತ್ತು ಜನರ ದೂರಿಗೆ ಹಾಗೆನ್ನಲು ಬರುವುದಿಲ್ಲ.

ಹಂತ 9: ಮೇಲ್ಮನವಿ

ಸಿಪಿಗ್ರಾಮ್ಸ್‌ನಲ್ಲಿ ದೂರು ಮುಚ್ಚಿದಾಗ ಅಭಿಪ್ರಾಯ ಕೇಳುತ್ತಾರೆ. ತೃಪ್ತಿಯಿಲ್ಲ ಎಂದು ದಾಖಲಿಸಿದರೆ ಮೇಲ್ಮನವಿಯ ಬಾಗಿಲು ತೆರೆಯುತ್ತದೆ, ಅವಧಿ ದೂರು ಮುಚ್ಚಿದ ದಿನದಿಂದ 30 ದಿನ. "ಸಂಬಂಧಪಟ್ಟ ಕಚೇರಿಗೆ ಕಳಿಸಲಾಗಿದೆ" ಎಂಬಷ್ಟೇ ಉತ್ತರ ಕೊಟ್ಟು ಮುಚ್ಚಿದ್ದರೆ ಖಂಡಿತ ಮೇಲ್ಮನವಿ ಹಾಕಿ. ಹೊಸ ದೂರು ಹಾಕಿದರೆ ಹಳೆಯ ಇತಿಹಾಸವೆಲ್ಲ ಕಳಚಿಹೋಗುತ್ತದೆ.

ಇದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ. ಕೇಂದ್ರದ ಆರ್‌ಟಿಐ ತಾಣದಲ್ಲೇ ಸಲ್ಲಿಸಿ, ರಾಜ್ಯದ ತಾಣದಲ್ಲಲ್ಲ. "ಏಕೆ ತಡವಾಗಿದೆ" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. "ಈ ಸಂಖ್ಯೆಯ ಅರ್ಜಿ ಯಾವ ಯಾವ ದಿನ ಯಾವ ಹುದ್ದೆಯವರ ಬಳಿ ಇತ್ತು, ಅದರ ಮೇಲಿನ ಟಿಪ್ಪಣಿಗಳ ಪ್ರತಿ ಕೊಡಿ" ಎಂದು ಕೇಳಿ. ಉತ್ತರಕ್ಕೆ 30 ದಿನ, ಅನಂತರ ಮೊದಲ ಮೇಲ್ಮನವಿಗೆ 30 ದಿನ, ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಗೆ 90 ದಿನ. ಅರ್ಜಿ ಬಿದ್ದ ಕೆಲವೇ ದಿನಗಳಲ್ಲಿ ಹಣವೇ ಖಾತೆಗೆ ಬಂದುಬಿಡುವುದೂ ಉಂಟು.

ಪಿಎಫ್‌ಗೆ ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. ಪಿಎಫ್ ಸದಸ್ಯರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ತಿರಸ್ಕಾರದ ಪ್ರತಿ, ದೂರು ಸಂಖ್ಯೆಗಳು, ಕರೆಗಳ ಪುಸ್ತಕ, ಆರ್‌ಟಿಐ ಉತ್ತರ ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪುಟ ಸಂಖ್ಯೆ ಹಾಕಿ ಕೊಡಿ. ಎದುರುಪಕ್ಷದ ಜಾಗದಲ್ಲಿ ಅಧಿಕಾರಿಯ ಹೆಸರಿನ ಬದಲು ಹುದ್ದೆ ಬರೆಯಿರಿ, ವರ್ಗಾವಣೆಯಾದರೂ ನೋಟಿಸು ತಲುಪುತ್ತದೆ.